ಹೆಬ್ಬೆರಳಿನ ಹಿಂದಿನ ಬಾತುಗಳು

ಜನವರಿ 12, ಬೆಳಿಗ್ಗೆ

...ಹೆಬ್ಬೆರಳಿನ ವಿಷಯ ನಿನ್ನೆ ಬರೆಯುವಾಗ ಅರ್ಧಕ್ಕೇ ನಿಂತಿತು. ನನ್ನ ಹೆಂಡತಿ ಸುಮತಿಯ ಲೆಕ್ಕ ಅದು. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿಯುವುದು. ಅದರ ಹಿಂದೆ ಎಷ್ಟು ಬಾತು ಮರೆಯಾದವು ಅಂತ ಮೊದಲು ಎಣಿಸಿಕೊಳ್ಳುವುದು. ಆಮೇಲೆ ಇಡೀ ಹಿಂಡು ಎಷ್ಟು ಹೆಬ್ಬೆರಳು ಅಂತ ನೋಡಿದರಾಯಿತು. ಅವಳು ಕೂಗುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಪಳ್ಳಿಕರಣೈ ಜೌಗಿನ ಈ ಪಶ್ಚಿಮದ ಅಂಚು ಪ್ರತಿ ಚಳಿಗಾಲ ನಮ್ಮಿಬ್ಬರದೇ. ಹೋದ ವರ್ಷ ಅವಳು ತೀರಿಕೊಂಡಳು, ಹಕ್ಕಿ ಗಣತಿಗೆ ನಾನು ಹೋಗಲಿಲ್ಲ. ಈ ಸಲ ಕೂಗುವವನೂ ನಾನೇ, ಬರೆಯುವವನೂ ನಾನೇ.

ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು — ಮೈಗ್ರೇಷನ್ ಈಸ್ ದಿ ಪೀರಿಯಾಡಿಕ್ ಟು ಅಂಡ್ ಫ್ರೋ ಮೂವ್‌ಮೆಂಟ್ ಆಫ್... ಮುಂದಕ್ಕೆ ಬರುವುದಿಲ್ಲ.

ಜನವರಿ 18

ಗಣತಿ ಆಯಿತು. ಎರಡು ಹೆಬ್ಬೆರಳೂ ತುಂಬಲಿಲ್ಲ. ಸೂಜಿಬಾಲದ ಬಾತು ಇಲ್ಲವೇ ಇಲ್ಲ. ನೀರೆಲ್ಲ ಬೆಳ್ಳಗೆ. ಬೈನಾಕ್ಯುಲರ್ ಒರೆಸಿದೆ — ಆಗಲೂ ಬೆಳ್ಳಗೆ.

ತಂಡದ ಮುಖ್ಯಸ್ಥೆ ಜಯಲಕ್ಷ್ಮಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನನ್ನ ಅಂಕಿ ನೋಡಿ ಹಾಳೆ ಮಡಚಿದರು. ಟೀ ಅಂಗಡಿಯಲ್ಲಿ ಮೆಲ್ಲಗೆ ಶುರು ಮಾಡಿದರು. ಈ ಅಂಚಿನಲ್ಲಿ ಹಕ್ಕಿ ಇಲ್ಲ ಎಂದು ವರದಿ ಹೋದರೆ, ಜೌಗಿಗೆ ಮಣ್ಣು ತುಂಬಲು ಕಾದಿರುವವರಿಗೆ ಅದೇ ಸಾಕಂತೆ.

"ಅಂಕಲ್, ಕೋಪಿಸ್ಕೋಬೇಡಿ. ಹಕ್ಕಿ ಇಲ್ವಾ, ಇಲ್ಲ ನಿಮಗೆ ಕಾಣ್ತಿಲ್ವಾ? ಕೇಳ್ತಿರೋದು ಅಷ್ಟೇದಾನೆ."

ಕಣ್ಣಿಗೆ ಏನಾಗಿದೆ ಎಂದೆ. ದೂರದಲ್ಲಿ ಬರುತ್ತಿದ್ದ ಬಸ್ಸಿನ ನಂಬರು ಓದಿ ತೋರಿಸಿದೆ. ಹತ್ತಿರ ಬಂತು. ನೀರಿನ ಲಾರಿ.

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜನವರಿ 19

ಬೆಸೆಂಟ್ ನಗರದಿಂದ ಮಗಳು ಶ್ರೀಯಾಳ ಫೋನು. ಅದೇ ರಾಗ. "ಕ್ಯಾಟರಾಕ್ಟ್ ಈಸ್ ನಥಿಂಗ್ ಅಪ್ಪಾ. ಅರೆ ಮಣಿ ನೇರಂದಾನ್." ಕಣ್ಣಿನ ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸವಂತೆ. ಬಾತುಗಳು ವಾಪಸು ಹೋಗಲಿ, ಆಮೇಲೆ ಎಂದೆ. ಕಣ್ಣು ಹೋಗಿದೆ ಎಂದು ಒಪ್ಪಿಕೊಂಡರೆ ಅಂಚನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ನಾನು ಎಲ್ಲಿ ನಿಲ್ಲಲಿ.

ಫಿಸಿಕ್ಸ್ ಪ್ರಾಕ್ಟಿಕಲ್ — ಇನ್‌ಸ್ಟ್ರುಮೆಂಟಲ್ ಎರರ್, ಪರ್ಸನಲ್ ಎರರ್, ಇನ್ನೊಂದು ಯಾವುದೋ. ಜಯಲಕ್ಷ್ಮಿಯವರ ಬೈನಾಕ್ಯುಲರ್‌ನಲ್ಲೂ ನೋಡಿದ್ದೆ. ಬೆಳ್ಳಗೇ ಇತ್ತು.

ಜನವರಿ 25, ಸಂಜೆ, ಮೋರಿಕಟ್ಟೆಯ ಮೇಲೆ

ನಾಳೆ ವರದಿ ಹೋಗುತ್ತದೆ. ಕೊನೆಯದಾಗಿ ನೋಡೋಣ ಎಂದು ಬಂದೆ. ಬಹಳ ಹೊತ್ತು ನೋಡಿದೆ. ನೀರು ಖಾಲಿ.

ಖಾಲಿ ಎಂದು ಬರೆದು ಪೆನ್ನು ಎತ್ತಿಲ್ಲ — ಎದುರಿನ ನೀರೇ ಎದ್ದಂತೆ ಸದ್ದು. ರೆಕ್ಕೆ. ಹದ್ದು ಬಂದು ಬಾತುಗಳು ಎದ್ದಿರಬೇಕು. ನಿಲ್ಲಲೇ ಇಲ್ಲ, ಏಳುತ್ತಲೇ ಇದ್ದವು, ತಲೆಯ ಮೇಲೆಲ್ಲ ಗಾಳಿ. ಸುಮತಿಯಾಗಿದ್ದರೆ ತಲೆಗೆ ಸೆರಗು ಹೊದ್ದು ಅಂಕಿ ಕೂಗುತ್ತಿದ್ದಳು. ನಾನು ಬರೆದದ್ದು ಎರಡು ಹೆಬ್ಬೆರಳು... ಛೆ.

ಜಯಲಕ್ಷ್ಮಿಯವರಿಗೆ ಫೋನು ಮಾಡಿದೆ. ನನ್ನ ಅಂಕಿ ಹೊಡೆದುಹಾಕಿ, ಹಕ್ಕಿ ಇವೆ, ನನಗೆ ಕಾಣುವುದಿಲ್ಲ ಎಂದೆ.

ಅವರು ಹೇಳಿದರು, "ಸೆರಿ ಅಂಕಲ್. ಬೆಳಿಗ್ಗೆ ನಾನೇ ಎಣಿಸ್ತೀನಿ. ಬರಕೊಳ್ಳೋಕೆ ನೀವು ಬರ್ತೀರಾ?"

ಬರುತ್ತೇನೆ ಎಂದೆ. ಹೆಬ್ಬೆರಳಿನ ಲೆಕ್ಕ ಅವರಿಗೆ ಹೇಳಿಕೊಡಬೇಕು. ಅವರ ಬೆರಳಿನ ಹಿಂದೆ ಎಷ್ಟು ಅಡಗುತ್ತವೋ. ಬರೆಯುವಷ್ಟು ಕಣ್ಣು ಇದೆ, ದಪ್ಪಕ್ಷರದಲ್ಲಿ ಬರೆದರೆ. ಈಗ ಬರೆಯುತ್ತಿಲ್ಲವೇ — ಸಾಲಿನ ಮೇಲೆ ಸಾಲು ಬೀಳುತ್ತಿದೆಯೋ ಏನೋ. ಬೆಳಕು ಹೋಗುತ್ತಿದೆ. ವಾಪಸು ಇಳಿಯುವ ಸದ್ದು, ಬಲಗಡೆ, ಜೊಂಡಿನ...