ಮಾಯಪ್ಪನ ಹಣೆಯ ಅರಿಷಿಣ

ರವಿವಾರ, ದಿಗ್ಗೇವಾಡಿ

ತಮ್ಮ ಮಾಯಪ್ಪ ಇವತ್ತು ಮನೆಗೆ ಬಂದ. ಬೀರದೇವಾ, ನಿನ್ನ ಉಪಕಾರ ದೊಡ್ಡದು.

ದುಡಿಯಲು ಹೋದ ಪರದೇಶದಲ್ಲಿ ಅವನ ತಲೆ ಕೆಟ್ಟಿತು, ವೀಸಾವೂ ಮುಗಿಯಿತು. ಊರಿಗೆ ಕಳಿಸುವವರೆಗೆಂದು ಹಿಡಿದು ಕೂಡಿಹಾಕಿದರು. ಡಾಕ್ಟರಿಗೆ ತೋರಿಸಲಿಲ್ಲ. ಊಟ ಮುಟ್ಟದ ಹಟಮಾರಿ ಎಂದು ಒಬ್ಬನನ್ನೇ ಕೋಣೆಯಲ್ಲಿಟ್ಟು ಕದ ಹಾಕಿದರಂತೆ. ಹಣೆಗೆ ಬೀರದೇವರ ಗುಡಿಯ ಅರಿಷಿಣ ಪುಡಿ, ಭಂಡಾರ, ಹಚ್ಚದೆ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಬುದ್ಧಿ ಹೋದರೂ ಅದೊಂದು ಅವನಲ್ಲಿ ಉಳಿದಿತ್ತು.

ಅಲ್ಲೇ ಸೆರೆಯಲ್ಲಿದ್ದು ಊಟ ಹಂಚುತ್ತಿದ್ದ ಬಂಗಾಲಿ ರಫೀಕ, ಮಾಯಪ್ಪನಿಂದ ನಂಬರ್ ಕೇಳಿ ನನಗೆ ಫೋನು ಮಾಡಿ, ಇವನು ಉಣ್ಣುತ್ತಲೇ ಇಲ್ಲ ಎಂದ. ಭಂಡಾರ ಇಲ್ಲದಿದ್ದರೆ ಅಡುಗೆಯ ಅರಿಷಿಣವಾದರೂ ಹಚ್ಚಪ್ಪಾ ಎಂದು ನನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡೆ. ಹಚ್ಚಿದ. ಮಾಯಪ್ಪ ಉಂಡ. ಆಮೇಲೆ ದಿನಾ ಹಚ್ಚಿದನಂತೆ.

ಇವತ್ತು ನಾನೇ ಭಂಡಾರ ಹಚ್ಚಿ ರೊಟ್ಟಿ ಬಡಿಸಿದೆ.

"ಯಕ್ಕಾ, ರಫೀಕ ನಿನಗಿಂತ ಛಲೋ ಹಚ್ತಿದ್ದ ಬೇ."

"ಹಂಗಾರ ಅವನ ಕಡೆನ ಉಣ್ಣಾಕ ಹೋಗಲೇ," ಎಂದೆ. ನಕ್ಕ. ಎಷ್ಟು ವರ್ಷದ ಮೇಲೆ ಆ ನಗು!

ಮಲಗುವಾಗ ಕದ ಹಾಕಲು ಹೋದರೆ ಗಾಬರಿಯಾಗಿ ಎದ್ದು ಕೂತ. "ಹಾಕಬ್ಯಾಡ ಯಕ್ಕಾ." ತೆರೆದೇ ಇಟ್ಟು, ಹೊಸ್ತಿಲ ಬಳಿ ಕೂತು ಬರೆಯುತ್ತಿದ್ದೇನೆ. ನಾಳೆ ಚಿಕ್ಕೋಡಿಯ ಡಾಕ್ಟರಿಗೆ ತೋರಿಸಬೇಕು.

ರಫೀಕ ಇನ್ನೂ ಅಲ್ಲೇ ಇದ್ದಾನೆ. ಬೀರದೇವಾ, ಅವನ ಕದವನ್ನೂ ತೆರೆಸಪ್ಪಾ.