ಅಕ್ಕನ ಪಕ್ಕದ ಸೀಟು

ಜೂನ್ 3, ಮಂಗಳವಾರ

ಡಯಾಲಿಸಿಸ್ ಮುಗಿಸಿ ಬಂದೆ. ತಲೆ ಹಗುರ, ಕಾಲು ಭಾರ. ಇದ್ದದ್ದೇ. ಸಂಜೆ ನನ್ನ ಟೈಲರ್ ಅಂಗಡಿಗೆ ಹೋಗಿ ಎರಡು ಪ್ಯಾಂಟ್ ಕಟ್ ಮಾಡಿದೆ. ಮೂರನೆಯದಕ್ಕೆ ಕತ್ತರಿ ಹಿಡಿಯಲು ಬೆರಳು ಒಪ್ಪಲಿಲ್ಲ.

ಕರೆದುಕೊಂಡು ಹೋದದ್ದು, ಕರೆತಂದದ್ದು ಪಕ್ಕದ ಮನೆಯ ಅಕ್ಕನೇ, ತಮ್ಮ ಹಳೆಯ ಕಾರಿನಲ್ಲಿ. ನನ್ನ ಕಡೆಯ ಬಾಗಿಲು ಈಗ ಪೂರ್ತಿ ಕೈಕೊಟ್ಟಿದೆ. ನೈಲಾನ್ ಹಗ್ಗದಲ್ಲಿ ಒಳಗಿನಿಂದ ಕಟ್ಟಿದ್ದಾರೆ. ಡ್ರೈವರ್ ಕಡೆಯಿಂದ ಹತ್ತಿ, ಗೇರ್ ದಾಟಿ, ನುಸುಳಿಕೊಂಡು ಕೂರಬೇಕು. ಸೂಜಿ ಚುಚ್ಚಿದ ತೋಳನ್ನು ಎದೆಗೊತ್ತಿಕೊಂಡು ಈ ಸರ್ಕಸ್.

ಸಿಗ್ನಲ್ಲಿನಲ್ಲಿ ಬ್ರೇಕನ್ನು ಮೂರು ಸಲ ಒತ್ತಿದರು. ಆಮೇಲೆ ನಿಂತಿತು.

"ಮೊದಲ್ನೇದು ಎಬ್ಬಿಸೋಕೆ, ಎರಡನೇದು ಹೇಳೋಕೆ, ಮೂರನೇದಕ್ಕೆ ಕೇಳುತ್ತೆ. ಥೇಟ್ ನಮ್ಮನೆಯವರ ಹಾಗೆ," ಎಂದರು.

ನಕ್ಕೆ. ಬಲಗಾಲು ಮಾತ್ರ ನೆಲಕ್ಕೆ ಒತ್ತಿಕೊಂಡೇ ಇತ್ತು, ಅಲ್ಲೂ ಒಂದು ಬ್ರೇಕ್ ಇರುವ ಹಾಗೆ.

ಜೂನ್ 5, ಗುರುವಾರ

ತಂಗಿ ಫೋನ್ ಮಾಡಿದ್ದಳು. ಹಗ್ಗದ ವಿಷಯ ಬಾಯಿತಪ್ಪಿ ಹೇಳಿಬಿಟ್ಟೆ. ಹಿಡಿದುಕೊಂಡಳು.

"ಅಣ್ಣ, ಅದು ಕಾರಲ್ಲ, ಶವದ ಪೆಟ್ಟಿಗೆ. ಸಾರಿಗೆ ಇಲಾಖೆಗೆ ಒಂದು ಫೋನ್ ಹಾಕು. ಹೆಸರು ಕೂಡ ಹೇಳ್ಬೇಕಾಗಿಲ್ಲ."

ಸುಲಭವಾಗಿ ಹೇಳುತ್ತಾಳೆ. ಅವಳಿಗೇನು ಗೊತ್ತು... ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಗಂಡನಿಗೆ ಎದೆನೋವು ಬಂದ ದಿನ ಊರಿನ ಅರ್ಧ ಲೈನುಗಳನ್ನು ತಾವೇ ಜೋಡಿಸಿ ಗಾಡಿಗಾಗಿ ಕೇಳಿದರಂತೆ. ಗಾಡಿ ಬಂತು. ಅಷ್ಟರಲ್ಲಿ ಅವರು ಹೋಗಿದ್ದರು. ಆಮೇಲೆಯೇ ಅಕ್ಕ ಡ್ರೈವಿಂಗ್ ಕಲಿತದ್ದು, ಐವತ್ತೆಂಟನೇ ವಯಸ್ಸಿನಲ್ಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಬೀದಿಯಲ್ಲಿ ಯಾರೂ ಗಾಡಿಗಾಗಿ ಕಾಯಬಾರದು ಎಂದು ಸಾರಿಬಿಟ್ಟರು. ನನ್ನನ್ನು ಮೂರು ವರ್ಷದಿಂದ ಸಾಗಿಸುತ್ತಿದ್ದಾರೆ. ಪೆಟ್ರೋಲಿನ ಮಾತೆತ್ತಿದರೆ ಎರಡು ದಿನ ಮುಖ ಊದಿಸುತ್ತಾರೆ.

ಆ ಕಾರು ಹೋದರೆ ಅಕ್ಕ ಬೆಳಿಗ್ಗೆ ಏಳುವುದಾದರೂ ಯಾಕೆ?

ಮತ್ತೆ, ನಾನು ಆಸ್ಪತ್ರೆಗೆ ಹೋಗುವುದು ಹೇಗೆ? ಇದನ್ನೂ ಬರೆದಿರಲಿ. ಒಳ್ಳೆಯವನ ವೇಷ ಇಲ್ಲಿ ಯಾರಿಗಾಗಿ.

ಜೂನ್ 10, ಮಂಗಳವಾರ

ಬರುವಾಗ ಗ್ಯಾರೇಜಿಗೆ ಹೋದೆವು. ನಾನೇ ಉಪಾಯ ಮಾಡಿ, "ಏನೋ ಸದ್ದು ಬರ್ತಿದೆ ಅಕ್ಕ" ಎಂದಿದ್ದೆ. ಮೆಕ್ಯಾನಿಕ್ ಕಾರನ್ನು ಎತ್ತಿ, ಕೆಳಗೆ ನಿಂತು ಸ್ಕ್ರೂಡ್ರೈವರ್ ಒತ್ತಿದ. ಒಳಗೆ ಹೋಯಿತು, ಬ್ರೆಡ್ಡಿಗೆ ಚುಚ್ಚಿದ ಹಾಗೆ.

"ಅಮ್ಮಾ, ತಳ ತುಕ್ಕು ತಿಂದುಬಿಟ್ಟಿದೆ. ಬ್ರೇಕ್ ಪೈಪೂ ಅಷ್ಟೇ. ಇದರ ಪಾರ್ಟ್ಸ್ ಎಲ್ಲೂ ಸಿಗಲ್ಲ. ಗುಜರಿಗೆ ಹಾಕಿ."

"ನಿನಗೆ ಕೈಲಾಗಲ್ಲ ಅನ್ನು. ಗಾಡಿಗೆ ಯಾಕೆ ಹೆಸರಿಡ್ತೀಯ?"

ಅವನು ನನ್ನ ಕಡೆ ನೋಡಿದ. ನೀವಾದರೂ ಹೇಳಿ ಎಂಬ ಹಾಗೆ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಕ್ಕ ಇನ್ನೊಂದು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಹಾಕಿಸಿಕೊಂಡು ಗೆದ್ದವರ ಹಾಗೆ ಮನೆಗೆ ಬಂದರು.

ಜೂನ್ 14, ಶನಿವಾರ

ಮೇಲಿನ ಮನೆಯ ಹುಡುಗಿಗೆ ದಿನ ತುಂಬುತ್ತಿದೆ. ಚೊಚ್ಚಲು. ಗಂಡನಿಗೆ ಗೋದಾಮಿನಲ್ಲಿ ನೈಟ್ ಶಿಫ್ಟ್. ಅಕ್ಕ ಮೆಟ್ಟಿಲ ಕೆಳಗೆ ನಿಂತು ಅವಳಿಗೆ ಮಾತು ಕೊಟ್ಟರು. "ನೋವು ಶುರುವಾದ ತಕ್ಷಣ ನನ್ನ ಕರಿ. ಆಂಬುಲೆನ್ಸ್ ಗೀಂಬುಲೆನ್ಸ್ ಅಂತ ಕಾಯ್ಬೇಡ. ನಾನಿದೀನಿ."

ಅಕ್ಕ ಒಳಗೆ ಹೋದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು. "ಅಂಕಲ್, ನೀವು ಯಾವಾಗ್ಲೂ ಹೋಗ್ತೀರಲ್ಲ. ಆ ಕಾರು ಪರವಾಗಿಲ್ವಾ?"

"ಅಕ್ಕ ತುಂಬಾ ಚೆನ್ನಾಗಿ ಓಡಿಸ್ತಾರಮ್ಮ," ಎಂದೆ.

ಸುಳ್ಳಲ್ಲ. ಅವಳು ಕೇಳಿದ್ದು ಅದನ್ನಲ್ಲ.

ನನ್ನ ಜೀವವನ್ನು ಆ ಸೀಟಿನಲ್ಲಿ ಕೂರಿಸುವುದು ನನ್ನಿಷ್ಟ. ಅವಳದ್ದು, ಅವಳ ಹೊಟ್ಟೆಯಲ್ಲಿರುವುದರದ್ದು?

ಜೂನ್ 17, ಮಂಗಳವಾರ

ಇವತ್ತು ಅಕ್ಷರ ವಕ್ರ.

ಆಸ್ಪತ್ರೆಯ ಇಳಿಜಾರು. ಕೆಳಗೆ ಜನ ರಸ್ತೆ ದಾಟುತ್ತಿದ್ದರು. ಮುಂದೆ ಒಬ್ಬ ಮುದುಕ, ವಾಕರ್ ಹಿಡಿದುಕೊಂಡು. ಅಕ್ಕ ಬ್ರೇಕ್ ಒತ್ತಿದರು. ಮತ್ತೆ ಒತ್ತಿದರು. ಮತ್ತೆ... ಏನೂ ಇಲ್ಲ. ಪೆಡಲ್ ನೆಲಕ್ಕೆ ಅಂಟಿಕೊಂಡಿತು. ಹಾರ್ನ್ ಬಡಿದರು. ಮುದುಕ ತಿರುಗಿ ನೋಡಿದ, ಓಡಲಿಲ್ಲ, ಓಡುವ ಕಾಲಲ್ಲ ಅದು. ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ತಿರುಗಿಸಿ, ಕಾಂಪೌಂಡಿಗೆ ಉಜ್ಜಿಕೊಂಡು ಹೋಗಿ ನಿಂತೆವು. ಅಷ್ಟರಲ್ಲೂ ಅಕ್ಕನ ಒಂದು ಕೈ ನನ್ನ ಎದೆಗೆ ಅಡ್ಡ ಇತ್ತು. ಮಗುವನ್ನು ತಡೆಯುವ ಹಾಗೆ.

ಯಾರಿಗೂ ಏನೂ ಆಗಲಿಲ್ಲ. ಮುದುಕ ವಾಕರ್ ಎತ್ತಿ ಬೈದ, ಹೋದ.

ಅಕ್ಕ ಇಳಿದು, ಉಜ್ಜಿದ ಕಡೆಯನ್ನು ಸೆರಗಿನಿಂದ ಒರೆಸಿದರು. ಆಮೇಲೆ, "ಇಲ್ಲಿ ರಸ್ತೆಗೆ ಎಣ್ಣೆ ಚೆಲ್ಲಿದಾರೆ, ಬುದ್ಧಿ ಇಲ್ಲದವರು," ಎಂದರು.

ರಸ್ತೆ ಒಣಗಿತ್ತು. ನಾನು ಹೂಂ ಎಂದೆ.

ಜೂನ್ 18, ಬುಧವಾರ

ಸಾರಿಗೆ ಇಲಾಖೆಗೆ ಫೋನ್ ಮಾಡಿದೆ. ಅಂಗಡಿಯ ಟ್ರಯಲ್ ರೂಮಿನ ಪರದೆ ಎಳೆದುಕೊಂಡು, ಕಳ್ಳನ ಹಾಗೆ. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಸಂಗೀತ ಕೇಳಿ. ಕೊನೆಗೆ ಒಬ್ಬ ಹುಡುಗಿ. ದನಿ ಮೆದು.

"ಗಾಡಿ ನಿಮಗೆ ಗೊತ್ತಿರೋರದ್ದಾ ಸರ್?"

"ಹೌದು."

"ಅವರಿಗೆ ಹೇಳಿ ನೋಡಿದ್ರಾ?"

"ಹೇಳಿದೆ," ಎಂದೆ.

ಕಾರಿನ ನಂಬರ್ ಎರಡು ಸಲ ಹೇಳಬೇಕಾಯಿತು. ಹೊರಗೆ ಬಂದರೆ ಗಿರಾಕಿ ಕಾಯುತ್ತಿದ್ದ. ಸೊಂಟದ ಅಳತೆ ತಪ್ಪಾಗಿ ಬರೆದುಕೊಂಡೆ.

ಜೂನ್ 23, ಸೋಮವಾರ

ಬಂದರು. ಇಲಾಖೆಯವರು, ಇಬ್ಬರು. ಒಬ್ಬ ಕೆಳಗೆ ಮಲಗಿ ಟಾರ್ಚ್ ಬಿಟ್ಟ, ಇನ್ನೊಬ್ಬ ಫೋಟೊ ತೆಗೆದ. ಮರ್ಯಾದೆಯಿಂದಲೇ ಮಾತಾಡಿದರು. "ಇದು ಇಷ್ಟು ದಿನ ಓಡಿದ್ದೇ ಹೆಚ್ಚು ಮೇಡಂ." ಗಾಜಿಗೆ ಕೆಂಪು ಸ್ಟಿಕರ್ ಅಂಟಿಸಿ, ಚಕ್ರಕ್ಕೆ ಬೀಗ ಹಾಕಿದರು. ಇಡೀ ಬೀದಿ ಕಿಟಕಿಯಲ್ಲಿತ್ತು. ನಾನೂ.

ಅಕ್ಕ ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಆಡಲಿಲ್ಲ. ಕಾರಿನೊಳಗಿಂದ ತಮ್ಮ ಕುಶನ್ ತೆಗೆದುಕೊಂಡು ಒಳಗೆ ಹೋದರು. ಆ ಕುಶನ್ ಇಲ್ಲದಿದ್ದರೆ ಅವರಿಗೆ ರಸ್ತೆ ಕಾಣುವುದಿಲ್ಲ.

ಜೂನ್ 24, ಮಂಗಳವಾರ

ಬೆಳಿಗ್ಗೆ ಬಾಗಿಲು ತೆರೆದರೆ ಅಕ್ಕ. ಹೆಗಲಿಗೆ ಬ್ಯಾಗ್, ಕೈಯಲ್ಲಿ ಚಿಲ್ಲರೆ. "ನಡಿ ಮಾಸ್ಟರ್, ಬಸ್ಸಿಗೆ ಹೊತ್ತಾಯ್ತು."

ಎರಡು ಬಸ್ಸು. ನಿಂತವನೊಬ್ಬನನ್ನು ಅಕ್ಕ ಗದರಿಸಿದರು, ಹೆದರಿ ಕೂತವನೊಬ್ಬ ಎದ್ದು ನನಗೆ ಸೀಟು ಬಿಟ್ಟ. ಬೈಸಿಕೊಂಡವನು ಪಾಪ, ಮೊದಲೇ ನಿಂತಿದ್ದ, ಸೀಟು ಅವನದ್ದೇ ಅಲ್ಲ.

ದಾರಿಯಲ್ಲಿ ಹೇಳಿದರು. "ಯಾರು ಚಾಡಿ ಹೇಳಿದ್ದು ಅಂತ ಗೊತ್ತು ನಂಗೆ. ಮೇಲಿನವಳ ಗಂಡ. ಮೊನ್ನೆ ಗಾಡಿ ಸುತ್ತ ಸುತ್ತಿ ಸುತ್ತಿ ನೋಡ್ತಿದ್ದ. ಎದುರಿಗೆ ನಮಸ್ಕಾರ, ಹಿಂದೆ ಚೂರಿ."

ಆಗ ಹೇಳಬೇಕಿತ್ತು. ಕಿಟಕಿಯ ಹೊರಗೆ ನೋಡಿದೆ.

ಜೂನ್ 26, ಗುರುವಾರ

ಅಕ್ಕ ಆ ಹುಡುಗಿಯ ಜೊತೆ ಮಾತು ಬಿಟ್ಟಿದ್ದಾರೆ. ಇವತ್ತು ಅವಳು ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು, ಆ ಹೊಟ್ಟೆಯಲ್ಲಿ. ಅಕ್ಕ ಪಕ್ಕದಲ್ಲೇ ಹಾದುಹೋದರು, ಗೋಡೆಯನ್ನು ಹಾದುಹೋದ ಹಾಗೆ. ಕ್ಯಾನ್ ನಾನು ಎತ್ತಿಕೊಳ್ಳಲು ಹೋದೆ, ನನ್ನ ತೋಳು ನೋಡಿ ಅವಳು ಬಿಡಲಿಲ್ಲ.

"ನಾವೇನ್ ತಪ್ಪು ಮಾಡಿದ್ವಿ ಅಂಕಲ್?" ಕಣ್ಣು ತುಂಬಿಕೊಂಡಿತ್ತು.

ಏನೂ ಇಲ್ಲಮ್ಮ. ನೀವೇನೂ ಮಾಡಿಲ್ಲ.

ಜೂನ್ 28, ಶನಿವಾರ

ಹೇಳಿದೆ.

ಬಸ್‌ಸ್ಟಾಪಿನಲ್ಲಿ, ವಾಪಸ್ ಬರುವಾಗ. "ಫೋನ್ ಮಾಡಿದ್ದು ನಾನು ಅಕ್ಕ."

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಯಾರಿಗೆ?" ಎಂದರು.

"ಇಲಾಖೆಗೆ. ಮೇಲಿನ ಹುಡುಗ ಅಲ್ಲ. ನಾನು."

ಬಸ್ಸು ಬಂತು. ಹತ್ತಿದೆವು. ಅಕ್ಕ ಮುಂದಿನ ಸೀಟಿಗೆ ಹೋಗಿ ಕೂತರು. ನಾನು ಹಿಂದೆ. ಇಳಿಯುವ ಸ್ಟಾಪ್ ಬಂದಾಗ ತಿರುಗಿ ನೋಡಿದರು, ನಾನು ಎದ್ದೆನಾ ಎಂದು. ಅಷ್ಟೇ.

ಜುಲೈ 5, ಶನಿವಾರ

ಒಂದು ವಾರ. ಒಬ್ಬನೇ ಹೋಗಿ ಬರುತ್ತಿದ್ದೇನೆ. ಗುರುವಾರ ವಾಪಸ್ ಬರುವಾಗ ಸ್ಟಾಪಿನಲ್ಲಿ ಕಣ್ಣು ಕತ್ತಲಿಟ್ಟು ಕುಸಿದು ಕೂತೆ. ಯಾರೋ ನೀರು ಕೊಟ್ಟರು. ನರ್ಸ್‌ಗೆ ಹೇಳಿಲ್ಲ. ತಂಗಿಗೂ.

ಅಕ್ಕನ ಬಾಗಿಲು ಮುಚ್ಚಿದೆ. ಕಾರನ್ನು ಶುಕ್ರವಾರ ಗುಜರಿಯವರು ಎಳೆದುಕೊಂಡು ಹೋದರು. ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ.

ಮುದುಕ ಬದುಕಿದ್ದಾನೆ, ವಾಕರ್ ಹಿಡಿದು ಎಲ್ಲೋ ನಡೆಯುತ್ತಿದ್ದಾನೆ. ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುತ್ತದೆ. ಸ್ವಲ್ಪ ಹೊತ್ತು.

ಜುಲೈ 8, ಮಂಗಳವಾರ

ಡಯಾಲಿಸಿಸ್ ಕುರ್ಚಿಯಲ್ಲಿ ಕಣ್ಣು ಬಿಟ್ಟರೆ ಎದುರಿಗೆ ಅಕ್ಕ, ಸ್ಟೂಲಿನ ಮೇಲೆ. ಸ್ಟಾಪಿನಲ್ಲಿ ಕುಸಿದದ್ದು ಯಾರೋ ಹೇಳಿದರಂತೆ.

"ಬ್ರೇಕ್ ಹೋಗಿದೆ ಅಂತ ನಂಗೊತ್ತಿರಲಿಲ್ಲ ಅಂದ್ಕೊಂಡ್ಯಾ?" ದನಿ ತಗ್ಗಿಸಿದ್ದರು. ಅಕ್ಕ ದನಿ ತಗ್ಗಿಸಿದ್ದನ್ನು ಮೊದಲ ಸಲ ಕೇಳಿದೆ. "ನಿನ್ನನ್ನ ಕೂರಿಸ್ಕೊಂಡ ದಿನ ನನ್ನ ಕೈ ಬೆವರ್ತಿತ್ತು. ನಿಲ್ಸೋಣ ಅಂದ್ಕೊಳ್ತಿದ್ದೆ. ನಿಲ್ಸಿದ್ರೆ ಇವನು ಹೇಗೆ ಹೋಗ್ತಾನೆ ಅನ್ಸೋದು."

"ಕಾರಿಲ್ದೆ ನೀವು ಏನ್ ಮಾಡ್ತೀರಿ ಅಂತ ನಾನೂ..."

"ತಡಿ. ನನ್ನ ಮಾತು ಮುಗೀಲಿ." ಯಂತ್ರ ಗಿರಗಿರ ಅನ್ನುತ್ತಿತ್ತು. "ನೀನು ಮಾಡಿದ್ದು ಸರಿ. ಆ ಮುದುಕನ ಮುಖ ದಿನಾ ಕಣ್ಣಿಗೆ ಬರುತ್ತೆ. ಆದ್ರೆ ಮೂರು ವರ್ಷ ನನ್ನ ಪಕ್ಕದ ಸೀಟಲ್ಲಿ ಕೂತಿದ್ದೆ ಮಾಸ್ಟರ್. ನನ್ನ ಕಿವಿಗೆ ಒಂದು ಮಾತು ಹಾಕೋಕೆ ಆಗ್ಲಿಲ್ವಾ? ಯಾವಳೋ ಮುಖ ಕಾಣದವಳಿಗೆ ಹೇಳಿದೆ. ನಂಗೆ ಹೇಳ್ಲಿಲ್ಲ."

ಹೆದರಿಕೆ ಎಂದರೆ ಸಾಲದು. ಅಕ್ಕನ ಮುಖ ಸಣ್ಣದಾಗುವುದನ್ನು ನೋಡಲಾರದೆ ಹೋದೆ. ಅದಕ್ಕೇ ಇಡೀ ಬೀದಿ ನೋಡುವ ಹಾಗೆ ಮಾಡಿದೆ.

ಬಸ್ಸಿನಲ್ಲಿ ಜೊತೆಗೇ ಬಂದರು. ಮುಂದಿನ ಸೀಟಿನಲ್ಲೇ ಕೂತರು.

ಜುಲೈ 11, ಶುಕ್ರವಾರ

ಮೇಲಿನ ಮನೆಗೆ ಹೆಣ್ಣು ಮಗು. ನಿನ್ನೆ ಮಧ್ಯಾಹ್ನ ಹುಡುಗಿ ಅಕ್ಕನ ಬಾಗಿಲನ್ನೇ ಬಡಿದಳು, ಮಾತು ಬಿಟ್ಟಿದ್ದರೂ. ಅಕ್ಕ ಆಂಬುಲೆನ್ಸ್‌ಗೆ ಫೋನ್ ಮಾಡಿ, ಹಳೆಯ ಆಪರೇಟರ್ ದನಿಯಲ್ಲಿ ವಿಳಾಸ ಹೇಳಿ, ಬೇಗ ಬರದಿದ್ದರೆ ಏನು ಮಾಡುತ್ತೇನೆಂಬುದನ್ನೂ ಹೇಳಿದರು. ಬೇಗ ಬಂತು. ಅವಳ ಜೊತೆ ಹತ್ತಿ ಹೋದರು. ಅವಳ ಗಂಡನ ಹತ್ತಿರ ಕ್ಷಮೆ ಕೇಳಿದರಂತೆ. ಅವನಿಗೆ ಯಾಕೆಂದೇ ಗೊತ್ತಿರಲಿಲ್ಲವಂತೆ.

ಅಕ್ಕ ಬಂದು ನನಗೆ ಸುದ್ದಿ ಹೇಳಿದರು. ಹೊಸಿಲಲ್ಲೇ ನಿಂತು. ಒಳಗೆ ಬರಲಿಲ್ಲ.

ಜುಲೈ 12, ಶನಿವಾರ, ಬೆಳಿಗ್ಗೆ

ಅಕ್ಕ ಕೆಳಗೆ ಬಂದು ನಿಂತಿದ್ದಾರೆ. ಕಿಟಕಿಯಿಂದ ನೋಡಿ ಐದೇ ನಿಮಿಷ ಎಂದೆ.

"ಏನು, ಕೂತು ಬರೀತಿದ್ಯಾ?" ಎಂದು ಕೇಳಿದರು. ಪೆನ್ನು ಕಂಡಿರಬೇಕು. "ನನ್ನ ಮೇಲೆ ಇನ್ನೂ ಏನಾದ್ರೂ ಇದ್ರೆ ಬಾಯಿಬಿಟ್ಟು ಹೇಳು. ಇಲ್ಲ ಅಂದ್ರೆ ಬಸ್ಸು ಹೋಗುತ್ತೆ."

ಇದೆ. ಬೈಗುಳ ಅಲ್ಲ. ಇಳಿಜಾರಿನಲ್ಲಿ ನನ್ನ ಎದೆಗೆ ಅಡ್ಡ ಬಂದ ಆ ಕೈ. ಅವತ್ತಿನಿಂದ ಇಲ್ಲಿಯವರೆಗೆ ಆ ಬಗ್ಗೆ ಒಂದು ಮಾತೂ ಅವರಿಗೆ ಹೇಳಿಲ್ಲ, ಇಲ್ಲಿ ಮಾತ್ರ ಬರೆದಿಟ್ಟು... ಬೇಡ. ಇದನ್ನು ಬರೆಯುತ್ತ ಕೂರುವುದಲ್ಲ, ಇಳಿದು ಹೋಗಿ ಅವರ ಪಕ್ಕದಲ್ಲೇ ಕೂತು, ಬಾಯಿಬಿಟ್ಟು —