ಮನೆಯೊಡತಿಯ ಕೊನೆಯ ಸಾಲು

ಜೂನ್ 4, ಬುಧವಾರ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ತಿಳಿಯುವುದಿಲ್ಲ. ಕ್ಷಮಿಸಬೇಕು. ಯಾರು ಕ್ಷಮಿಸಬೇಕು ಎಂಬುದು ಬರೆದ ಮೇಲೆ ಹೊಳೆಯಿತು — ಇದನ್ನು ಓದುವವರೇ ಇಲ್ಲ. ಫೋನಿನಲ್ಲಾದರೆ ತಪ್ಪು ಬರೆದರೂ ಅದೇ ತಿದ್ದಿಕೊಡುತ್ತದೆ. ಪೆನ್ನು ತಿದ್ದುವುದಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈ.

ಇವತ್ತು ಲಾಡ್ಜ್‌ನಲ್ಲಿ ಮೂರನೇ ಮಹಡಿ ಪೂರ್ತಿ ನನ್ನ ಪಾಲಿಗೆ. ಬಾತ್‌ರೂಮ್ ತಿಕ್ಕಿ ತಿಕ್ಕಿ ಮೊಣಕೈ ಹಿಡಿದಿದೆ. ಊಟದ ಹೊತ್ತಿನಲ್ಲಿ ಮೆಟ್ಟಿಲ ಕೆಳಗೆ, ಪೊರಕೆಗಳ ಪಕ್ಕ ಕೂತು, ಕನ್ನಡಿಯ ಮೇಲಿನ ನೀರಿನ ಕಲೆ ತೆಗೆಯುವ ಬಗೆ ಟೈಪ್ ಮಾಡಿ ಕಳಿಸಿದೆ.

ಓದುವ ಸೈಟ್ ಒಂದಿದೆ. ಯಾರು ಬೇಕಾದರೂ ಬರೆಯಬಹುದು. ಜನ ಎಷ್ಟು ಹೊತ್ತು ಓದಿದರೋ ಅದರ ಮೇಲೆ ಬರೆದವರಿಗೆ ದುಡ್ಡು. ಅಲ್ಲಿ ನನ್ನ ಹೆಸರು ಮನೆಯೊಡತಿ. ಫೋಟೋ ಬದಲು ಒಂದು ಹೂಕುಂಡ. ಎರಡು ಮಕ್ಕಳ ತಾಯಿ ಎಂದೂ ಬರೆದುಕೊಂಡಿದ್ದೇನೆ. ಲಾಡ್ಜ್‌ನ ಪಾಯಿಖಾನೆ ತೊಳೆಯುವ ಹುಡುಗ ಎಂದರೆ ಯಾರು ಓದುತ್ತಾರೆ?

ಒಬ್ಬರು ಕೆಳಗೆ ಬರೆದಿದ್ದರು, ‘ಅಕ್ಕಾ, ನಿಮ್ಮ ಯಜಮಾನರು ಪುಣ್ಯವಂತರು.’ ‘ಅವರಿಗೆ ಗೊತ್ತಾಗಬೇಕಲ್ಲ’ ಎಂದು ಉತ್ತರ ಕೊಟ್ಟೆ. ಕೊಟ್ಟ ಮೇಲೆ ಮೆಟ್ಟಿಲ ಕೆಳಗೆ ಒಬ್ಬನೇ ಕೂತು ಕಿವಿಯವರೆಗೆ ಬಿಸಿಯಾದೆ. ಎಂಥ ಕೆಲಸ.

ಜೂನ್ 6, ಶುಕ್ರವಾರ. ಸಂಜೆ

ಬರೆಯಲೇಬೇಕು.

ಅಕ್ಕ ಹೊಲಿಗೆ ಮಷಿನ್ ನಿಲ್ಲಿಸಿ ನನ್ನನ್ನು ಕರೆದಳು. ಕೈಯಲ್ಲಿ ಫೋನು. "ಬಾ ಇಲ್ಲಿ. ಕೇಳು. ನಿನ್ನ ಕೆಲಸದ್ದೇ ಇದು. ಒಬ್ಬಳು ಎಷ್ಟು ಚೆನ್ನಾಗಿ ಬರೀತಾಳೆ."

ಓದತೊಡಗಿದಳು. ಕನ್ನಡಿಯ ಮೇಲಿನ ನೀರಿನ ಕಲೆ.

ನನಗೆ ಓದಲು ಬರುವುದಿಲ್ಲ ಎಂದು ಅಕ್ಕ ನಂಬಿದ್ದಾಳೆ. ತಪ್ಪು ಅವಳದಲ್ಲ. ಸ್ಕೂಲಿನಲ್ಲಿ ಎದ್ದು ನಿಂತು ಓದು ಅಂದರೆ ನನ್ನ ಬಾಯಿ ಕಟ್ಟುತ್ತಿತ್ತು. ಒಳಗೊಳಗೆ ಪಾಠ ಸರಾಗ ಓಡುತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ. ದಡ್ಡ ಎಂದರು. ನಾನೂ ಹೂಂ ಎಂದುಬಿಟ್ಟೆ. ಅಂದಿನಿಂದ ಬಸ್ಸಿನ ಬೋರ್ಡಿನಿಂದ ಹಿಡಿದು ಮಾತ್ರೆಯ ಚೀಟಿವರೆಗೆ ಅಕ್ಕನೇ ನನಗೆ ಓದಿ ಹೇಳುತ್ತಾಳೆ. ಅವಳ ದನಿ ಚೆಂದ. ನಾನು ಬರೆದದ್ದು ಅವಳ ಬಾಯಲ್ಲಿ ಬೇರೆಯವರು ಬರೆದ ಹಾಗೆ ಕೇಳಿಸಿತು. ಯಾರೋ ದೊಡ್ಡವರು.

ಭಾವ ವ್ಯಾನಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಾ ಬಂದ. "ಯಾರು ಬರೆದಿದ್ದು?"

"ಮನೆಯೊಡತಿ ಅಂತೆ."

"ಬರೀತಾ ಕೂತ್ರೆ ಮನೆ ಯಾರು ನೋಡ್ತಾರೆ? ಪಾಪ, ಅವಳ ಗಂಡ."

"ನೀನು ಸುಮ್ನಿರು. ಅವಳಿಗೆ ಕಷ್ಟ ಗೊತ್ತು. ತಿಕ್ಕಿದ ಕೈಯಲ್ಲೇ ಬರೆದಿದ್ದಾಳೆ ಇದನ್ನ."

ಅಷ್ಟರಲ್ಲಿ ಅವಳೇ ಫೋನು ಕೆಳಗಿಟ್ಟಳು. ಅರ್ಧ ಮಾತ್ರ ಓದಿದ್ದಳು. "ಆಮೇಲೆ ಸುಮ್ನೆ ಎಳೀತಾಳೆ. ಎಲ್ಲದರಲ್ಲೂ ಹಾಗೇನೇ. ನಾನು ಮೇಲಿಂದಷ್ಟು ಓದಿ ಬಿಟ್ಟುಬಿಡ್ತೀನಿ."

ಹೇಳಬಹುದಿತ್ತು. ‘ಅಕ್ಕಾ, ಅದು ನಾನೇ’ — ಮೂರೇ ಮಾತು. ತಲೆ ತಗ್ಗಿಸಿಕೊಂಡು ಚಪ್ಪಲಿ ಒರೆಸಿದೆ.

ಜೂನ್ 9, ಸೋಮವಾರ

ಟೈಲ್ಸ್‌ನ ಕಂದು ಕಲೆಯ ಬಗ್ಗೆ ಬರೆದು ಕಳಿಸಿದ್ದು ವಾಪಸ್ ಬಂತು. ಸೈಟಿನ ಎಡಿಟರ್ ಮೆಸೇಜ್. ಅವನ ಮುಖ ನಾನು ನೋಡಿಲ್ಲ, ನನ್ನ ಮುಖ ಅವನೂ ನೋಡಿಲ್ಲ.

‘ಮೇಡಂ, ಮೊದಲ ಸಾಲಿನಲ್ಲೇ ಎಚ್ಚರಿಕೆ ಹಾಕಿದ್ದೀರಿ. ಹೆದರಿ ಮುಚ್ಚಿಬಿಡ್ತಾರೆ. ಅದನ್ನು ಕೊನೆಗೆ ಹಾಕಿ. ಮುಖ್ಯವಾದದ್ದು ಕೊನೆಯಲ್ಲಿದ್ದರೆ ಅಲ್ಲಿಯವರೆಗೆ ಓದ್ತಾರೆ.’

ಮೊದಲ ಸಾಲು ಇದು: ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಯಾವ ಕಾರಣಕ್ಕೂ ಒಟ್ಟಿಗೆ ಬೇಡ, ಹೊಗೆ ಎದ್ದು ಉಸಿರು ಕಟ್ಟುತ್ತದೆ. ಲಾಡ್ಜ್‌ನಲ್ಲಿ ಸೂಪರ್‌ವೈಸರಮ್ಮ ಕೆಲಸಕ್ಕೆ ಸೇರಿದ ದಿನವೇ ಕಿವಿ ಹಿಂಡಿ ಹೇಳಿದ್ದು. ಅದಕ್ಕೇ ಅವೆರಡು ಡಬ್ಬಗಳು ಅಲ್ಲಿ ಬೇರೆ ಬೇರೆ ಕಪಾಟಿನಲ್ಲಿ.

ಅವನು ಹೇಳುವುದೂ ಸರಿಯೇ ಅನಿಸಿತು. ಓದಿದವನು. ಕೆಳಗೆ ಹಾಕಿದೆ. ಈಗ ಹೀಗಿದೆ — ಮೊದಲ ದಾರಿ ಬ್ಲೀಚಿಂಗ್ ಪುಡಿ. ಅದಕ್ಕೂ ಬಗ್ಗದಿದ್ದರೆ ಎರಡನೆಯ ದಾರಿ, ಆಸಿಡ್. ಆಮೇಲೆ ಬ್ರಷ್ಷಿನ ಕಥೆ, ನನ್ನ ಇಲ್ಲದ ಅತ್ತೆಯ ಕಥೆ, ಇಲ್ಲದ ಮಕ್ಕಳ ಕಥೆ. ಎಲ್ಲಾ ಮುಗಿದ ಮೇಲೆ ಆ ಸಾಲು.

‘ಸೂಪರ್ ಮೇಡಂ’ ಅಂದ.

ಜೂನ್ 10, ಮಂಗಳವಾರ

ಭಾವನ ಅಮ್ಮ ಶುಕ್ರವಾರ ಬರುತ್ತಾರಂತೆ. ಅಕ್ಕ ಪರದೆ ಒಗೆದಳು, ಡಬ್ಬಗಳ ಮುಚ್ಚಳ ಒರೆಸಿದಳು.

"ಬಚ್ಚಲ ಮೂಲೆ ನೋಡಿದ್ಯಾ? ಕಂದು ಹಿಡಿದುಬಿಟ್ಟಿದೆ. ಅವರ ಕಣ್ಣು ಮೊದಲು ಅಲ್ಲಿಗೇ ಹೋಗೋದು. ಊರಿನವರ ಬಚ್ಚಲೆಲ್ಲಾ ಫಳಫಳ ಮಾಡ್ತೀಯ, ನಮ್ಮದೂ ಒಂದು ಸಲ ಮಾಡಿಕೊಡು ಮಾರಾಯ."

"ನಾಳೆ" ಅಂದೆ.

ಟೈಲ್ಸ್ ಲೇಖನದ ಕೆಳಗೆ ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಬರೆಯುವುದಿತ್ತು. ಉತ್ತರ ಬರೆದಷ್ಟೂ ಲೇಖನ ಮೇಲೆ ಬರುತ್ತದೆ.

ಜೂನ್ 12, ಗುರುವಾರ

ಸೈಟ್ ತೆರೆದರೆ ಮೊದಲ ಪುಟದಲ್ಲೇ ಮನೆಯೊಡತಿ. ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಫೋನಿನಲ್ಲೂ ನನ್ನ ಹೂಕುಂಡ ಕಂಡಿತು. ಇಳಿಯುವ ಸ್ಟಾಪ್ ದಾಟಿಹೋಯಿತು.

ಮನೆಗೆ ಬಂದರೆ ಅಕ್ಕ, "ಇವತ್ತಾದ್ರೂ?"

"ನಾಳೆ ಬೆಳಿಗ್ಗೆ ಖಂಡಿತ."

"ನಿನ್ನ ನಾಳೆಗೆ ಬೆಂಕಿ ಹಾಕ. ಆ ಫೋನಿನಲ್ಲಿ ಅದೇನು ಆಟ ಆಡ್ತೀಯೋ, ಹೆಬ್ಬೆರಳು ಸವೆದುಹೋಗುತ್ತೆ." ನಕ್ಕಳು.

ಆಟ ಎಂದೇ ಅಂದುಕೊಂಡಿರಲಿ.

ಜೂನ್ 13, ಶುಕ್ರವಾರ. ಮಧ್ಯಾಹ್ನ

ಆಸ್ಪತ್ರೆ. ಬೆಂಚು. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಹಾಳು.

ಬೆಳಿಗ್ಗೆ ಲಾಡ್ಜ್‌ನಿಂದ ಬೇಗ ಬಾ ಎಂದು ಫೋನು. ಬಚ್ಚಲು ತಿಕ್ಕದೆ ಹೋಗಿದ್ದೆ. ಎದ್ದವನೇ ಹೋಗಿಬಿಟ್ಟಿದ್ದೆ.

ಅಕ್ಕ ಕಾಯಲಿಲ್ಲ. ಬ್ಲೀಚಿಂಗ್ ಪುಡಿ ಕಲಸಿ ಮೂಲೆಗೆ ಹಾಕಿದಳಂತೆ. ಕಲೆ ಬಗ್ಗಲಿಲ್ಲ. ಅದರ ಮೇಲೇ ಆಸಿಡ್ ಸುರಿದಳಂತೆ. ಬಚ್ಚಲ ಕಿಟಕಿ ಮುಚ್ಚಿತ್ತು.

ಮೇಲಿಂದಷ್ಟು ಓದಿ ಬಿಟ್ಟುಬಿಡುತ್ತಾಳೆ. ನನಗೆ ಗೊತ್ತಿತ್ತು. ಆ ಸಾಲು ಕೆಳಗಿಡುವಾಗ ಗೊತ್ತಿತ್ತು.

ಜೂನ್ 14, ಶನಿವಾರ

ಗಂಡಾಂತರ ಕಳೆಯಿತು ಎಂದರು ಡಾಕ್ಟರು. ಎದೆ ಮೆಲ್ಲಗೆ ಸರಿಹೋಗುತ್ತದೆ. ಕಣ್ಣು ಉರಿ, ಹನಿ ಹಾಕಬೇಕು. ಗಂಟಲು ಸುಟ್ಟಂತಾಗಿದೆ, ಸದ್ಯಕ್ಕೆ ಮಾತು ಆಡಲೇಬಾರದು. ದನಿ ಮೊದಲಿನ ಹಾಗೆ ಬರುತ್ತದಾ ಎಂದು ಭಾವ ಕೇಳಿದ. "ನೋಡೋಣ" ಎಂದರು.

"ಎರಡನ್ನೂ ಬೆರೆಸಬಾರದು ಅಂತ ಯಾರೂ ಹೇಳಿರಲಿಲ್ವಾ?" ಎಂದೂ ಕೇಳಿದರು.

ಭಾವ ಹೇಳಿದ, "ಯಾರೋ ಹೆಂಗಸು ಬರೆದಿದ್ದಂತೆ ಡಾಕ್ಟ್ರೇ. ಮನೆಯೊಡತಿ ಅಂತ. ಕೈಗೆ ಸಿಕ್ಕಿದ್ರೆ ಅವಳದೇ ಬಚ್ಚಲಲ್ಲಿ ಕೂಡಿಹಾಕ್ತಿದ್ದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಕೈಯಲ್ಲಿ ಅಕ್ಕನ ಚಪ್ಪಲಿ.

ಜೂನ್ 21, ಶನಿವಾರ

ಏಳು ದಿನ ಏನೂ ಬರೆಯಲಿಲ್ಲ. ಏನು ಬರೆಯುವುದು?

ಅಕ್ಕ ಮನೆಗೆ ಬಂದಳು. ಮಷಿನ್ ಮುಂದೆ ಕೂರುತ್ತಾಳೆ, ತುಳಿಯುವುದಿಲ್ಲ. ಏನಾದರೂ ಬೇಕಾದರೆ ಕತ್ತರಿಯಿಂದ ಹಲಗೆ ಕುಟ್ಟುತ್ತಾಳೆ. ಟಕ್ ಟಕ್. ಮನೆಯ ಯಾವ ಮೂಲೆಯಲ್ಲಿದ್ದರೂ ಕೇಳಿಸುತ್ತದೆ. ಹೇಳಬೇಕಾದದ್ದನ್ನು ಗುರುತು ಹಾಕುವ ಸೀಮೆಸುಣ್ಣದಿಂದ ಕಪ್ಪು ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಾಳೆ. ಸಣ್ಣ ಅಕ್ಷರ ಅವಳ ಕಣ್ಣಿಗೆ ನಿಲ್ಲುವುದಿಲ್ಲ, ನೀರು ಸುರಿಯುತ್ತದೆ. ನನಗಾದರೆ ಬರೆಯುವುದಿಲ್ಲ, ಕೈಸನ್ನೆ ಮಾಡುತ್ತಾಳೆ. ನನಗೆ ಓದಲು ಬರುವುದಿಲ್ಲವಲ್ಲ.

ಇವತ್ತು ಧೈರ್ಯ ಮಾಡಿ ಸೈಟ್ ತೆರೆದೆ. ಟೈಲ್ಸ್ ಲೇಖನದ ಕೆಳಗೆ ಯಾರೋ, ‘ಅಕ್ಕಾ, ಇವತ್ತೇ ಎರಡೂ ದಾರಿ ಮಾಡಿ ನೋಡ್ತೀನಿ.’ ‘ಬೇಡ. ಒಟ್ಟಿಗೆ ಬೇಡ. ದಯವಿಟ್ಟು ಕೊನೆಯ ಸಾಲು ನೋಡಿ’ ಎಂದು ಹಾಕಿದೆ. ತುಂಬಾ ಹೊತ್ತಾದ ಮೇಲೆ ಉತ್ತರ, ‘ಅಯ್ಯೋ ನೋಡೇ ಇರಲಿಲ್ಲ.’

ಆ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲಿಟ್ಟೆ. ಆಮೇಲೆ ನನ್ನ ಬೇರೆ ಲೇಖನಗಳಿಗೂ ಹೋದೆ. ಎಚ್ಚರಿಕೆಯನ್ನು ಎಲ್ಲೆಲ್ಲಿ ಕೆಳಗಿಟ್ಟಿದ್ದೆನೋ ಅಲ್ಲೆಲ್ಲ ಮೇಲೆ.

ಜೂನ್ 23, ಸೋಮವಾರ

ಎಡಿಟರ್: ‘ಏನು ಮಾಡ್ತಾ ಇದ್ದೀರಿ ಮೇಡಂ? ಒಂದೇ ಸಾಲಿಗೆ ಎದ್ದು ಹೋಗ್ತಿದ್ದಾರೆ. ಮೊದಲ ಪುಟದಿಂದ ತೆಗೀಬೇಕಾಗುತ್ತೆ.’

‘ತೆಗೀರಿ ಸಾರ್.’

‘ಏನಾಯ್ತು? ಮನೆಯಲ್ಲಿ ಎಲ್ಲಾ ಕ್ಷೇಮ ತಾನೇ?’

ಅಷ್ಟು ಕೇಳಿದನಲ್ಲ ಎಂದು ಆ ಸಾಲನ್ನು ಎರಡು ಸಲ ಓದಿ ಫೋನು ಜೇಬಿಗೆ ಹಾಕಿದೆ.

ಜೂನ್ 25, ಬುಧವಾರ

ಭಾವನ ಅಮ್ಮ ಒಳ್ಳೆಯವರು. ಅಕ್ಕನ ತಲೆ ಬಾಚುತ್ತಾರೆ, ಗಂಜಿ ಕುಡಿಸುತ್ತಾರೆ. ಆದರೆ ಬಾಯಿ ಸುಮ್ಮನಿರುವುದಿಲ್ಲ.

"ನಾನೇನು ಬಚ್ಚಲು ನೋಡೋಕೆ ಬರ್ತಿದ್ನಾ? ಅಲ್ಲಮ್ಮ, ಯಾರೋ ಕಂಡೋರು ಬರೆದದ್ದನ್ನ ನಂಬಿಕೊಂಡು..." ನನ್ನ ಕಡೆ ತಿರುಗಿದರು. "ನೀನೇ ವಾಸಿ ಕಣಪ್ಪ. ಓದೋಕೆ ಬರಲ್ಲ, ಹಾಳಾಗೋ ಗೋಜೇ ಇಲ್ಲ."

ಅಕ್ಕ ಕತ್ತರಿ ಕುಟ್ಟಿದಳು. ಬಟ್ಟೆಯ ಮೇಲೆ ಬರೆದು ಅತ್ತೆಗೆ ತೋರಿಸಿದಳು. ಅವರಿಗೆ ಕನ್ನಡಕ ಸಿಗಲಿಲ್ಲ, ಹುಡುಕುತ್ತಾ ಒಳಗೆ ಹೋದರು. ಬಟ್ಟೆ ನನ್ನ ಕಡೆಗೇ ಇತ್ತು. ಓದಿದೆ.

‘ಅವಳದೇನೂ ತಪ್ಪಿಲ್ಲ. ಕೊನೆಗೆ ಏನೋ ಬರೆದಿದ್ದಳೇನೋ. ನಾನೇ ಪೂರ್ತಿ ಓದಲಿಲ್ಲ.’

ನನ್ನ ಪರವಾಗಿ ಮಾತಾಡಿದ್ದಾಳೆ. ಮಾತೇ ಇಲ್ಲದವಳು.

ಎದ್ದು ಹೊರಗೆ ಹೋದೆ. ವ್ಯಾನಿನ ಹಿಂದೆ ನಿಂತು, ಭಾವ ಬರುವವರೆಗೆ ಟೈರು ನೋಡಿದೆ. "ಗಾಳಿ ಕಡಿಮೆ ಇದ್ಯೇನೋ?" ಎಂದ ಅವನು. ಇದೆ ಎಂದೆ.

ಜೂನ್ 29, ಭಾನುವಾರ

ಹೇಳಲು ಕೂತೆ. ಅಕ್ಕನ ಕಣ್ಣಿಗೆ ಹನಿ ಹಾಕಿ, ಒರೆಸಿ, ಎದುರಿಗೆ ಮಣೆ ಹಾಕಿಕೊಂಡು ಕೂತೆ. ಬಾಯಿ ಕಟ್ಟಿತು. ಅದೇ, ನಾಲ್ಕನೇ ಕ್ಲಾಸಿನ ಹಾಗೆ. ಒಳಗೆಲ್ಲಾ ಸರಾಗ ಓಡುತ್ತಿದೆ. ‘ಅಕ್ಕಾ’ ಎಂದೆ. ಏನು ಎಂದು ಹುಬ್ಬು ಹಾರಿಸಿದಳು.

"ನೀರು ಕಾಯಿಸಲಾ?"

ತಲೆಯಾಡಿಸಿದಳು. ನೀರು ಕಾಯಿಸಿದೆ.

ಜೂನ್ 30, ಸೋಮವಾರ. ಬೆಳಿಗ್ಗೆ

ಲಾಡ್ಜ್‌ಗೆ ತಡವಾಗಿ ಬರುತ್ತೇನೆಂದು ತಿಳಿಸಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಭಾವ ತನ್ನ ಅಮ್ಮನನ್ನು ಬಸ್ಸಿಗೆ ಹತ್ತಿಸಲು ಹೊರಟಿದ್ದ. ಅಕ್ಕ ಫೋನು ಅವನ ಮುಂದೆ ಹಿಡಿದು ಬಟ್ಟೆ ತೋರಿಸಿದಳು. ‘ಆ ಲೇಖನದ ಕೊನೆಗೆ ಏನಿತ್ತು? ಓದಿ ಹೇಳು.’

"ಆ ಹಾಳು ಹೆಂಗಸಿನ ಸುದ್ದಿ ಇನ್ನೂ ಬಿಟ್ಟಿಲ್ವಾ? ಬಂದು ಓದ್ತೀನಿ ಇರು." ಹೋದ.

ಅಕ್ಕ ಫೋನನ್ನು ಕಣ್ಣ ಹತ್ತಿರ ತಂದಳು. ದೂರ ಹಿಡಿದಳು. ನೀರು ಸುರಿಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಹತ್ತಿರ ತಂದಳು.

ಕೈ ಚಾಚಿದೆ. ನಗುತ್ತಾ ಕೊಟ್ಟಳು. ಮಗುವಿಗೆ ಆಡಲು ಕೊಟ್ಟ ಹಾಗೆ.

ನಿಂತುಕೊಂಡೆ. ಕೂತು ಓದಬಹುದಿತ್ತು, ಆದರೂ ನಿಂತೆ. ಲೇಖನದ ಮೊದಲ ಸಾಲಿಗೆ ಬೆರಳಿಟ್ಟು ಅವಳಿಗೆ ತೋರಿಸಿದೆ. ಮೊದಲ ಅಕ್ಷರ ಹೊರಡಲು ಎಷ್ಟು ಹೊತ್ತಾಯಿತೋ. ಹೊರಟ ದನಿ ನನ್ನದೇ ಅನಿಸಲಿಲ್ಲ, ತುಕ್ಕು ಹಿಡಿದ ಬಾಗಿಲಿನದು. ‘ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಯಾವ ಕಾರಣಕ್ಕೂ ಒಟ್ಟಿಗೆ ಬೇಡ...’

ಅಕ್ಕನ ನಗು ನಿಂತಿತು. ಮೊದಲು, ನಾನು ಓದುತ್ತಿದ್ದೇನೆ ಎಂಬುದಕ್ಕೆ. ಆಮೇಲೆ, ಓದಿದ ಆ ಸಾಲಿಗೆ. ಸೀಮೆಸುಣ್ಣ ತೆಗೆದುಕೊಂಡಳು.

‘ಅದು ಮೊದಲು ಮೇಲೆ ಇರಲಿಲ್ಲ.’

"ಇರಲಿಲ್ಲ. ಕೊನೆಯಲ್ಲಿತ್ತು. ಕೊನೆಯಲ್ಲಿ ಇಟ್ಟವನು ನಾನು, ಅಕ್ಕ. ಈಗ ಮೇಲೆ ತಂದವನೂ ನಾನೇ."

ನೋಡಿದಳು. ನನ್ನ ಮುಖವನ್ನಲ್ಲ, ಹೆಬ್ಬೆರಳನ್ನು. ಬಟ್ಟೆ ಕೊಡವಿದಳು. ಮಷಿನ್ ಕಡೆ ತಿರುಗಿ ಕೂತಳು. ಬೆನ್ನು ನನ್ನ ಕಡೆಗೆ.

ಉಳಿದದ್ದನ್ನು ಆ ಬೆನ್ನಿಗೇ ಓದಿದೆ. ಬ್ರಷ್ಷಿನ ಕಥೆ. ಇಲ್ಲದ ಅತ್ತೆ. ಇಲ್ಲದ ಮಕ್ಕಳು. ಎಲ್ಲೂ ನಿಲ್ಲಿಸಲಿಲ್ಲ.

ಆಮೇಲೆ ಬಚ್ಚಲಿಗೆ ಹೋದೆ. ಕಿಟಕಿ ಪೂರ್ತಿ ತೆರೆದೆ. ಯಾವ ಡಬ್ಬವೂ ಇಲ್ಲ, ಬರೀ ನೀರು, ಹಳೆಯ ಬ್ರಷ್ಷು. ಮಂಡಿಯೂರಿ ಆ ಮೂಲೆಯನ್ನು ತಿಕ್ಕಿದೆ. ಸುಮಾರು ಹೋಗಿದೆ. ಗೋಡೆ ಸೇರುವ ಕಡೆ ಒಂದು ಗೆರೆ ಇನ್ನೂ ಇದೆ, ಅದನ್ನೂ—

ಕತ್ತರಿ. ಟಕ್ ಟಕ್. ಕರೆಯುತ್ತಿದ್ದಾಳೆ